ವಾರಕ್ಕೊಂದು ಪದ, ತಲೆಗೊಂದು ಫೋಟೋ: ಮನೆಯವರೆಲ್ಲ ಸೇರಿ ಶುರು ಮಾಡೋದು ಹೇಗೆ

ನಮ್ಮ ಮನೇಲಿ ಪ್ರತಿ ವಾರ ಒಂದು ಪದ ಇಟ್ಕೊಂಡು ಎಲ್ಲರೂ ಒಂದೊಂದು ಫೋಟೋ ತೆಗೆದು ಹಂಚ್ಕೋತೀವಿ ಅಂತ ಹೇಳಿದಾಗಿಂದ ಅವೇ ಪ್ರಶ್ನೆಗಳು ಬರ್ತಾನೇ ಇವೆ. ಪದ ಯಾರು ಆರಿಸ್ತಾರೆ, ವಯಸ್ಸಾದವರೂ ಮಾಡ್ತಾರಾ, ಒಳ್ಳೆ ಕ್ಯಾಮೆರಾ ಬೇಕಾ, ಒಂದು ತಿಂಗಳಲ್ಲಿ ನಿಂತು ಹೋಗಲ್ವಾ ಅಂತ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳೋ ಬದಲು ಎಲ್ಲಾ ಒಂದೇ ಕಡೆ ಬರೀತಿದೀನಿ, ಸ್ವಲ್ಪ ಉದ್ದ ಆಗತ್ತೆ, ಆದ್ರೆ ಓದಿ ಮುಗಿಸೋ ಹೊತ್ತಿಗೆ ಈ ಸೋಮವಾರನೇ ಶುರು ಮಾಡಬಹುದು.

ವಿಷಯ ಇಷ್ಟೇ. ಸೋಮವಾರ ಬೆಳಿಗ್ಗೆ ಒಂದು ಪದ ಹೊರಬೀಳತ್ತೆ, "ಎಲೆ" ಅಂತ ಅಂದ್ಕೊಳ್ಳಿ. ಭಾನುವಾರದೊಳಗೆ ಮನೆಯವರೆಲ್ಲ ಆ ಪದಕ್ಕೆ ತಮಗೆ ಏನು ಹೊಳೀತೋ ಅದರ ಒಂದು ಫೋಟೋ ತೆಗೆದು ಕಳಿಸ್ಬೇಕು. ಒಬ್ಬರು ಅಂಗಳದ ಕರಿಬೇವಿನ ಗಿಡ ತೆಗೀತಾರೆ, ಇನ್ನೊಬ್ಬರು ಮದುವೆ ಮನೆ ಬಾಳೆಎಲೆ ಊಟ, ತಾತ ವೀಳ್ಯದೆಲೆ ತಟ್ಟೆ, ಹಾಸ್ಟೆಲಲ್ಲಿರೋ ಹುಡುಗ ಇಸ್ಪೀಟ್ ಎಲೆ. ಬೆಂಗಳೂರಲ್ಲೇ ಯಲಹಂಕದಲ್ಲಿ ಒಬ್ಬರು, ಬನಶಂಕರೀಲಿ ಒಬ್ಬರು ಇದ್ದು ಮದುವೆ ಮುಂಜೀಲಿ ಮಾತ್ರ ಸಿಗೋ ಮನೆಗಳಿಗೆ ಇದು ತುಂಬಾ ಒಗ್ಗತ್ತೆ, ಯಾಕಂದ್ರೆ ಫೋನಲ್ಲಿ "ಊಟ ಆಯ್ತಾ, ಮಳೆ ಬಂತಾ" ಬಿಟ್ಟು ಬೇರೆ ಏನಾದ್ರೂ ಮಾತಾಡಕ್ಕೆ ಸಿಗತ್ತೆ.

ಬೇಕಾಗಿರೋದು ಏನೇನು? ಕ್ಯಾಮೆರಾ ಇರೋ ಯಾವುದೇ ಫೋನ್, ಒಂದು ವಾಟ್ಸಾಪ್ ಗ್ರೂಪ್, ಚೀಟಿ ಹಾಕಕ್ಕೆ ಒಂದು ಡಬ್ಬಿ. ಇಷ್ಟೇ. ಹೊಸ ಕ್ಯಾಮೆರಾ ತಗೋಬೇಡಿ, ಒಬ್ಬರು ದೊಡ್ಡ ಕ್ಯಾಮೆರಾ ತಂದ ತಕ್ಷಣ ಉಳಿದವರಿಗೆ ತಮ್ಮ ಫೋನ್ ಫೋಟೋ ಕಳಿಸಕ್ಕೆ ಹಿಂಜರಿಕೆ ಶುರುವಾಗತ್ತೆ.

1. ಮೊದಲು ಜನ ಸೇರಿಸಿ

ಐದರಿಂದ ಹತ್ತು ಹನ್ನೆರಡು ಜನ ಸಾಕು. ಇಪ್ಪತ್ತೈದು ಜನ ಆದ್ರೆ "ನಾನೊಬ್ಬ ಕಳಿಸದಿದ್ರೆ ಏನು" ಅಂತ ಎಲ್ಲರೂ ಅಂದ್ಕೋತಾರೆ. ಮೂರೇ ಜನ ಇದ್ರೆ ಒಬ್ಬರಿಗೆ ಜ್ವರ ಬಂದ ವಾರ ಏನೂ ಇರಲ್ಲ.

ಈಗಾಗಲೇ ಇರೋ ಫ್ಯಾಮಿಲಿ ಗ್ರೂಪಲ್ಲಿ ಮಾಡ್ಬೇಡಿ, ಇದು ಎಲ್ಲರೂ ಮಾಡೋ ಮೊದಲ ತಪ್ಪು. ಗುಡ್ ಮಾರ್ನಿಂಗ್ ಗುಲಾಬಿ, ಫಾರ್ವರ್ಡ್ ವಿಡಿಯೋ, ನಾಮಕರಣದ ಆಹ್ವಾನ ಪತ್ರಿಕೆ, ಇವುಗಳ ಮಧ್ಯೆ ಅಜ್ಜಿ ಕಷ್ಟಪಟ್ಟು ತೆಗೆದ ಫೋಟೋ ಹತ್ತು ನಿಮಿಷದಲ್ಲಿ ಮೇಲೆ ಹೋಗಿಬಿಡತ್ತೆ, ಯಾರೂ ನೋಡಲ್ಲ. ಬೇರೆ ಗ್ರೂಪ್ ಮಾಡಿ, ಈ ವಾರದ ಪದವನ್ನೇ ಗ್ರೂಪ್ ಹೆಸರಾಗಿ ಇಡಿ. "ಈ ವಾರ: ಎಲೆ" ಅಂತ ಹೆಸರಲ್ಲೇ ಇದ್ರೆ ಪದ ಏನಿತ್ತು ಅಂತ ಯಾರೂ ಕೇಳಲ್ಲ, ಫೋನ್ ತೆಗೆದಾಗಲೆಲ್ಲ ಕಣ್ಣಿಗೆ ಬೀಳತ್ತೆ.

ಗ್ರೂಪ್ ಮಾಡಿದ ತಕ್ಷಣ ಒಂದು ಸೆಟ್ಟಿಂಗ್ ನೋಡಿ, ಡಿಸಪಿಯರಿಂಗ್ ಮೆಸೇಜ್ ಆಫ್ ಇದೆಯಾ ಅಂತ. ಅಂದ್ರೆ 24 ಗಂಟೆ, 7 ದಿನ ಅಥವಾ 90 ದಿನ ಆದ್ಮೇಲೆ ಮೆಸೇಜ್ ತಾನಾಗೇ ಅಳಿಸಿ ಹೋಗೋ ವ್ಯವಸ್ಥೆ. ಕೆಲವರ ಫೋನಲ್ಲಿ ಅದು ಮೊದಲೇ ಆನ್ ಇರತ್ತೆ, ಅವರು ಮಾಡಿದ ಹೊಸ ಗ್ರೂಪಿಗೂ ಅದೇ ಬಂದುಬಿಡಬಹುದು, ಆಮೇಲೆ ಮೂರು ತಿಂಗಳ ಹಿಂದಿನ ಮಾತುಕತೆ ಹುಡುಕಿದ್ರೆ ಖಾಲಿ.

ಒಬ್ಬರು ಜವಾಬ್ದಾರಿ ತಗೊಳ್ಳಿ. ಸೋಮವಾರ ಪದ ಹಾಕೋದು, ಶನಿವಾರ ಒಂದು ಸಲ ನೆನಪಿಸೋದು, ಭಾನುವಾರ ಫೋಟೋ ಎತ್ತಿಡೋದು, ಮೂರೇ ಕೆಲಸ. ಮೂರು ತಿಂಗಳಿಗೊಮ್ಮೆ ಬೇರೆಯವರಿಗೆ ವಹಿಸಿ. ಮನೇಲಿ ಹೈಸ್ಕೂಲ್ ಮಕ್ಕಳಿದ್ರೆ ಅವರಿಗೇ ಕೊಡಿ, ದೊಡ್ಡಪ್ಪನಿಗೆ ಫೋನ್ ಮಾಡಿ "ಫೋಟೋ ಎಲ್ಲಿ ದೊಡ್ಡಪ್ಪ" ಅಂತ ಕೇಳೋ ಅಧಿಕಾರ ಅವರಿಗೆ ಬಹಳ ಖುಷಿ ಕೊಡತ್ತೆ, ದೊಡ್ಡಪ್ಪನೂ ಮಕ್ಕಳು ಕೇಳಿದ್ರೆ ಇಲ್ಲ ಅನ್ನಲ್ಲ.

2. ನಿಯಮ ನಾಲ್ಕೇ ಇರ್ಲಿ

ಒಬ್ಬರಿಗೆ ಒಂದೇ ಫೋಟೋ. ಅದೇ ವಾರ ತೆಗೆದಿರ್ಬೇಕು, ಹಳೇ ಗ್ಯಾಲರಿಯಿಂದ ಎತ್ತಿ ಹಾಕೋ ಹಾಗಿಲ್ಲ, ಇಂಟರ್ನೆಟ್ಟಿಂದ ಅಂತೂ ಇಲ್ವೇ ಇಲ್ಲ. ಜೊತೆಗೆ ಒಂದು ಸಾಲು ಬರೀಬೇಕು ಅಥವಾ ಹೇಳಬೇಕು. ಭಾನುವಾರ ರಾತ್ರಿ ಎಂಟಕ್ಕೆ ಮುಗೀತು.

ಒಂದೇ ಫೋಟೋ ಅನ್ನೋದನ್ನ ಸಡಿಲ ಮಾಡ್ಬೇಡಿ, ಮುಖ್ಯವಾದ ನಿಯಮ ಅದೇ. ಹತ್ತು ತೆಗೆದು ಒಂಬತ್ತು ಬಿಡೋವಾಗಲೇ ನೀವು ನಿಜವಾಗಿ ನೋಡಕ್ಕೆ ಶುರು ಮಾಡೋದು, ಇದ್ಯಾಕೆ ಚೆನ್ನಾಗಿದೆ ಅದ್ಯಾಕೆ ಬೇಡ ಅಂತ.

ಎಂಟು ಗಂಟೆ ಯಾಕೆ ಅಂದ್ರೆ, ಅಮೆರಿಕ, ಇಂಗ್ಲೆಂಡಲ್ಲಿ ಇರೋವ್ರಿಗೂ ಆಗ ಎಚ್ಚರ ಇರತ್ತೆ. ನಮ್ಮ ರಾತ್ರಿ ಎಂಟು ಅಂದ್ರೆ ನ್ಯೂಜೆರ್ಸಿಯಲ್ಲಿ ಬೇಸಿಗೆಗೆ ಬೆಳಿಗ್ಗೆ ಹತ್ತೂವರೆ, ಚಳಿಗಾಲಕ್ಕೆ ಒಂಬತ್ತೂವರೆ. ಲಂಡನ್ನಲ್ಲಿ ಮಧ್ಯಾಹ್ನ ಮೂರೂವರೆ ಅಥವಾ ಎರಡೂವರೆ. ಎಲ್ಲರೂ ಒಟ್ಟಿಗೆ ನೋಡಕ್ಕೆ ಆಗತ್ತೆ.

3. ಪದ ಆರಿಸೋದು, ಎಲ್ಲಾ ಇರೋದು ಇಲ್ಲೇ

ನಿಂತು ಹೋದ ಗ್ರೂಪ್‌ಗಳು ಬಹಳಷ್ಟು ನಿಂತಿರೋದು ಫೋಟೋ ಚೆನ್ನಾಗಿ ಬರದೆ ಅಲ್ಲ, ಪದ ಸರಿ ಇರದೆ. ಮೊದಲ ವಾರ "ಪ್ರಕೃತಿ", ಎರಡನೇ ವಾರ "ಸಂತೋಷ", ಮೂರನೇ ವಾರ "ಪ್ರೀತಿ" ಅಂತ ಇಟ್ರೆ ಏನಾಗತ್ತೆ ಹೇಳಿ, ಎಲ್ಲರೂ ಸೂರ್ಯಾಸ್ತ, ಮಗು ನಗೋದು, ಮತ್ತೆ ಸೂರ್ಯಾಸ್ತ. ದೊಡ್ಡ ದೊಡ್ಡ ಭಾವನೆಯ ಪದಗಳಿಗೆ ಎಲ್ಲರ ತಲೇಲೂ ಒಂದೇ ಚಿತ್ರ ಇರತ್ತೆ, ಕ್ಯಾಲೆಂಡರ್ ಚಿತ್ರ.

ಒಳ್ಳೆ ಪದಕ್ಕೆ ನಾನು ಮೂರು ಪ್ರಶ್ನೆ ಕೇಳ್ತೀನಿ. ಮನೆಯಿಂದ ಆಚೆ ಬರಕ್ಕಾಗದೇ ಇರೋ ಅಜ್ಜಿ ಇದರ ಫೋಟೋ ಮನೆ ಒಳಗೇ ತೆಗೀಬಹುದಾ? ಬೇರೆ ಊರಲ್ಲಿ ಇರೋವ್ರಿಗೂ ಸಿಗತ್ತಾ? ಪದಕ್ಕೆ ಒಂದಕ್ಕಿಂತ ಹೆಚ್ಚು ಅರ್ಥ ಇದೆಯಾ? ಮೂರಕ್ಕೂ ಹೌದು ಅಂದ್ರೆ ಡಬ್ಬಿಗೆ ಹಾಕಿ.

ಈ ಮೂರನೇ ಪ್ರಶ್ನೆಗೆ ಕನ್ನಡದಷ್ಟು ಒಳ್ಳೆ ಭಾಷೆ ಇಲ್ಲ ಅಂತ ನನಗೆ ಅನ್ಸತ್ತೆ, ಅದಕ್ಕೇ ಪದ ಕನ್ನಡದ್ದೇ ಇರ್ಲಿ ಅಂತ ನಾನು ಹಠ ಹಿಡಿಯೋದು. "ಗಂಟು" ತಗೊಳ್ಳಿ. ಹಗ್ಗದ ಗಂಟು, ಇಸ್ತ್ರಿಗೆ ಕೊಡೋ ಬಟ್ಟೆ ಗಂಟು, ಉಪ್ಪಿಟ್ಟಲ್ಲಿ ಕಟ್ಟಿಕೊಂಡ ಗಂಟು, ಅಜ್ಜಿ ಬೆರಳಿನ ಗಂಟು, ಹುಬ್ಬು ಗಂಟಿಕ್ಕಿದ ಅಪ್ಪ. "ಕಾಲು" ಅಂದ್ರೆ ಮಗು ಕಾಲು, ಮಂಚದ ಕಾಲು, ಗೋಡೆ ಗಡಿಯಾರದಲ್ಲಿ ಆರೂ ಕಾಲು, ಕಾಲು ಕೆಜಿ ಬೀನ್ಸ್. "ಕಟ್ಟೆ" ಅಂದ್ರೆ ಅಶ್ವತ್ಥಕಟ್ಟೆ, ತುಳಸಿಕಟ್ಟೆ, ಅಡುಗೆಮನೆ ಕಟ್ಟೆ, ಸಂಜೆ ಹೊತ್ತು ಹರಟೆ ಹೊಡೆಯೋ ಕಟ್ಟೆ. "ಸುತ್ತು" ಅಂದ್ರೆ ಚಕ್ಕುಲಿ ಸುತ್ತು, ದೇವಸ್ಥಾನದ ಸುತ್ತು, ಲಾಲ್‌ಬಾಗಲ್ಲಿ ಬೆಳಗಿನ ಒಂದು ಸುತ್ತು. "ಹಿಡಿ" ಅಂದ್ರೆ ಛತ್ರಿ ಹಿಡಿ, ಒಂದು ಹಿಡಿ ಅಕ್ಕಿ, ಬಸ್ಸಲ್ಲಿ ಕಂಬಿ ಹಿಡಿದ ಕೈ. "ಅಂಚು" ಅಂದ್ರೆ ಸೀರೆ ಅಂಚು, ದೋಸೆ ಗರಿಗರಿ ಅಂಚು, ಫುಟ್‌ಪಾತ್ ಅಂಚು. ಒಂದೇ ಪದಕ್ಕೆ ಒಬ್ಬೊಬ್ಬರು ಒಂದೊಂದು ಅರ್ಥ ಹಿಡೀತಾರಲ್ಲ, ಯಾರು ಯಾವುದನ್ನ ಹಿಡಿದ್ರು ಅಂತ ನೋಡೋದ್ರಲ್ಲೇ ಆ ಮನುಷ್ಯ ಗೊತ್ತಾಗ್ತಾರೆ.

ಬಣ್ಣದ ಪದಗಳು ("ಹಳದಿ", "ಕೆಂಪು") ಸುಲಭ, ಚಿಕ್ಕ ಮಕ್ಕಳಿಗೆ ಒಳ್ಳೇದು, ಆದ್ರೆ ತಿಂಗಳಿಗೆ ಒಂದಕ್ಕಿಂತ ಜಾಸ್ತಿ ಬೇಡ.

ಹಬ್ಬ, ಕಾಲ ಬಂದಾಗ ಒಂದು ತಪ್ಪು ಆಗತ್ತೆ. ದೀಪಾವಳಿ ವಾರ "ದೀಪ" ಅಂತ ಇಟ್ರೆ ಎಂಟು ಜನರಿಂದ ಎಂಟು ಹಣತೆ. ನೇರವಾಗಿ ಹೋಗ್ಬೇಡಿ, ಪಕ್ಕದ ಪದ ಹಿಡೀರಿ. ದೀಪಾವಳಿಗೆ "ಎಣ್ಣೆ" ಇಡಿ, ಅಭ್ಯಂಜನದ ಬಟ್ಟಲೂ ಬರತ್ತೆ ಬಾಣಲೆಯಲ್ಲಿ ಕರಿಯೋ ಕೋಡುಬಳೆಯೂ ಬರತ್ತೆ. ಕಾರ್ತಿಕ ಮಾಸದ ಕೊನೇ ಸೋಮವಾರ ಬಸವನಗುಡಿ ಕಡಲೆಕಾಯಿ ಪರಿಷೆ ಇರತ್ತಲ್ಲ, ಆ ವಾರ "ಕಡಲೆಕಾಯಿ" ಬೇಡ, "ರಾಶಿ" ಇಡಿ. ಪರಿಷೆಗೆ ಹೋದವರು ಕಡಲೆಕಾಯಿ ರಾಶಿ ತೆಗೀತಾರೆ, ಹೋಗದವರು ಒಗೆಯೋ ಬಟ್ಟೆ ರಾಶಿ ತೆಗೀತಾರೆ, ಪಂಚಾಂಗ ನೋಡೋ ಮಾವ ತಮ್ಮ ರಾಶಿಯ ಪುಟನೇ ತೆಗೆದು ಕಳಿಸ್ತಾರೆ. ಫೆಬ್ರವರಿ ಮಾರ್ಚಲ್ಲಿ ಊರೆಲ್ಲ ಟಬೆಬುಯಾ ಮರ ಪಿಂಕ್ ಆಗಿ ನಿಂತಿರೋವಾಗ "ಹೂವು" ಅನ್ನೋ ಬದಲು "ಉದುರು" ಅನ್ನಿ, ಫುಟ್‌ಪಾತ್ ಮೇಲೆ ಉದುರಿದ ಹೂವಿಂದ ಹಿಡಿದು ಬಾಚಣಿಗೇಲಿ ಉದುರಿದ ಕೂದಲು, ಉದುರುದುರಾದ ಚಿತ್ರಾನ್ನದವರೆಗೂ ಬರತ್ತೆ.

"ನೆರಳು" ಪದವನ್ನ ಮಾತ್ರ ಏಪ್ರಿಲ್ 24 ಬರೋ ವಾರಕ್ಕೆ ಎತ್ತಿಟ್ಕೊಳ್ಳಿ. ಬೆಂಗಳೂರಲ್ಲಿ ವರ್ಷಕ್ಕೆ ಎರಡು ಸಲ, ಏಪ್ರಿಲ್ 24 ಮತ್ತೆ ಆಗಸ್ಟ್ 18ರ ಆಸುಪಾಸು, ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರ್ತಾನೆ, ಆಗ ನೆಟ್ಟಗೆ ನಿಂತ ಕಂಬಕ್ಕೆ ಪಕ್ಕದಲ್ಲಿ ನೆರಳೇ ಬೀಳಲ್ಲ. ಶೂನ್ಯ ನೆರಳಿನ ದಿನ ಅಂತಾರೆ ಇದಕ್ಕೆ. ಹನ್ನೆರಡೂಕಾಲು ದಾಟಿದ ಮೇಲೆ ಹನ್ನೆರಡೂವರೆ ಒಳಗೆ ತಾರಸಿಗೆ ಹೋಗಿ ಒಂದು ಲೋಟ ಅಥವಾ ಬಾಟಲ್ ನೆಟ್ಟಗೆ ಇಟ್ಟು ಫೋಟೋ ತೆಗೀರಿ. ನೆರಳು ಅನ್ನೋ ಪದಕ್ಕೆ ನೆರಳಿಲ್ಲದ ಫೋಟೋ! ಮಕ್ಕಳಿಗೆ ತೋರಿಸಕ್ಕಂತೂ ಇದಕ್ಕಿಂತ ಒಳ್ಳೇದು ಇಲ್ಲ.

ಪದ ಯಾರು ಆರಿಸ್ಬೇಕು ಅನ್ನೋದಕ್ಕೆ ಚೀಟಿನೇ ಸರಿ. ಪ್ರತಿಯೊಬ್ಬರೂ ಐದು ಪದ ಬರೆದು ಡಬ್ಬಿಗೆ ಹಾಕಲಿ, ದೂರ ಇರೋವ್ರದ್ದು ಫೋನಲ್ಲಿ ಕೇಳಿ ನೀವೇ ಬರೆದು ಹಾಕಿ. ಹತ್ತು ಜನ ಇದ್ರೆ ಐವತ್ತು ಪದ ಆಯ್ತು, ವರ್ಷಕ್ಕೆ 52 ವಾರ, ಹೆಚ್ಚುಕಡಿಮೆ ಸರಿಹೋಯ್ತು. ಸೋಮವಾರ ಮನೇಲಿ ಅತಿ ಚಿಕ್ಕ ಮಗು ಚೀಟಿ ಎತ್ತಲಿ. ಯಾರ ಪದ ಅಂತ ಹೇಳ್ಬೇಡಿ, ಹೇಳಿದ್ರೆ "ಅವರಿಗೆ ಏನು ಬೇಕಿತ್ತೋ" ಅಂತ ಜನ ಅದನ್ನೇ ಯೋಚನೆ ಮಾಡ್ತಾರೆ.

4. ಫೋಟೋ ತೆಗೆಯೋದು

ಇದಕ್ಕೆ ಜಾಸ್ತಿ ಹೇಳಲ್ಲ, ನಾಲ್ಕು ವಿಷಯ ಸಾಕು.

ಲೆನ್ಸ್ ಒರೆಸಿ. ಲೆನ್ಸ್ ಅಂದ್ರೆ ಫೋನ್ ಹಿಂದೆ ಇರೋ ಆ ಗುಂಡು ಗಾಜು. ಅಡುಗೆ ಮಾಡ್ತಾ ಎಣ್ಣೆ ಕೈಯಲ್ಲಿ ಹಿಡಿದ ಫೋನಿಂದ ತೆಗೆದ ಫೋಟೋ ಎಲ್ಲಾ ಮಂಜು ಮಂಜಾಗಿ ಬರತ್ತೆ, ಜನ ಫೋನೇ ಹಾಳಾಗಿದೆ ಅಂದ್ಕೋತಾರೆ. ಹಳೇ ಹತ್ತಿ ಬಟ್ಟೇಲಿ ಒಂದು ಸಲ ಒರೆಸಿದ್ರೆ ಮುಗೀತು.

ಕಿಟಕಿ ಬೆಳಕು ಹುಡುಕಿ, ಆದ್ರೆ ಕಿಟಕಿಗೆ ಬೆನ್ನು ಹಾಕಿ ಕೂತವರನ್ನ ಎದುರಿಂದ ತೆಗೀಬೇಡಿ, ಮುಖ ಕಪ್ಪಾಗತ್ತೆ. ಬೇರೆ ದಾರಿ ಇಲ್ಲ ಅಂದ್ರೆ ಪರದೆ ಮೇಲೆ ಮುಖ ಇರೋ ಜಾಗ ಬೆರಳಲ್ಲಿ ಮುಟ್ಟಿ, ಕ್ಯಾಮೆರಾ ಆ ಜಾಗಕ್ಕೆ ಬೆಳಕು ಹೊಂದಿಸಿಕೊಳ್ಳತ್ತೆ.

ಜೂಮ್ ಮಾಡೋ ಬದಲು ಹತ್ತಿರ ಹೋಗಿ. ಸಾಮಾನ್ಯ ಫೋನಲ್ಲಿ ಎರಡು ಬೆರಳಲ್ಲಿ ಎಳೆದು ಜೂಮ್ ಮಾಡೋದು ಅಂದ್ರೆ ಫೋಟೋನ ಕತ್ತರಿಸಿ ದೊಡ್ಡದು ಮಾಡೋದು ಅಷ್ಟೇ, ಅದಕ್ಕೇ ಒಡೆದ ಹಾಗೆ ಕಾಣೋದು.

ಕೈ ನಡುಗೋ ಹಿರಿಯರಿಗೆ ಮೊಣಕೈ ಮೇಜಿನ ಮೇಲೆ ಊರಿಕೊಳ್ಳಕ್ಕೆ ಹೇಳಿ, ಪರದೆ ಮೇಲಿನ ಬಟನ್ ಬದಲು ಪಕ್ಕದ ವಾಲ್ಯೂಮ್ ಬಟನ್ ಒತ್ತಕ್ಕೆ ಹೇಳ್ಕೊಡಿ. ಅಥವಾ 3 ಸೆಕೆಂಡ್ ಟೈಮರ್ ಇಡಿ, ಅಂದ್ರೆ ಒತ್ತಿದ ಮೂರು ಸೆಕೆಂಡ್ ಆದ್ಮೇಲೆ ಫೋಟೋ ಬೀಳತ್ತೆ, ಅಷ್ಟರಲ್ಲಿ ಕೈ ನಿಂತಿರತ್ತೆ. ಅವರ ಪರವಾಗಿ ನೀವು ತೆಗೆದು ಕೊಡ್ಬೇಡಿ, ದಯವಿಟ್ಟು. ಸೊಟ್ಟಗೆ ಬಂದ್ರೂ ಅದು ಅವರ ಕಣ್ಣಿಂದ ಕಂಡಿದ್ದು.

ದೂರ ಹೋಗಿ ತೆಗೆದ್ರೇ ಒಳ್ಳೆ ಫೋಟೋ ಅನ್ನೋದು ಇನ್ನೊಂದು ತಪ್ಪು ತಿಳುವಳಿಕೆ. "ಹಳೇದು" ಅನ್ನೋ ಪದಕ್ಕೆ ಒಬ್ಬರು ಲಾಲ್‌ಬಾಗ್ ಬಂಡೆ ತೆಗೆದ್ರು ಅಂತ ಇಟ್ಕೊಳ್ಳಿ, ಅದು ಸುಮಾರು 300 ಕೋಟಿ ವರ್ಷ ಹಳೇದು, ಅದಕ್ಕಿಂತ ಹಳೇದು ಈ ಊರಲ್ಲಿ ಎಲ್ಲಿ ಸಿಗತ್ತೆ. ಆದ್ರೆ ಅದರ ಪಕ್ಕದಲ್ಲೇ ಅಜ್ಜಿ ಹಿತ್ತಲಿನ ಒರಳು ಕಲ್ಲಿನ ಫೋಟೋ ಕಳಿಸಿದ್ರೆ ಮಾತು ಬೆಳೆಯೋದು ಒರಳು ಕಲ್ಲಿನ ಬಗ್ಗೆನೇ, ಯಾರ ಮದುವೇಲಿ ಬಂತು, ಯಾರು ರುಬ್ತಿದ್ರು, ಆ ಗುಂಡುಕಲ್ಲು ಎಲ್ಲಿ ಹೋಯ್ತು ಅಂತ.

ಎಚ್ಚರಿಕೆ ಒಂದಿದೆ. ಬೀದೀಲಿ ಹೂವು ಮಾರೋ ಅಕ್ಕ, ಆಟೋ ಅಣ್ಣ, ಇವರ ಮುಖ ತೆಗೆಯೋ ಮುಂಚೆ "ಅಕ್ಕಾ, ಒಂದು ಫೋಟೋ ತಗೊಳ್ಲಾ, ಮನೆಯವರಿಗೆ ಮಾತ್ರ ತೋರಿಸ್ತೀನಿ" ಅಂತ ಕೇಳಿ. ಬೇಡ ಅಂದ್ರೆ ಅವರ ಕೈ, ಬುಟ್ಟಿ, ತಕ್ಕಡಿ ತೆಗೀಬಹುದು, ಅದಕ್ಕೂ ಕೇಳಿಯೇ. ದೇವಸ್ಥಾನದ ಗರ್ಭಗುಡಿ, ಆಸ್ಪತ್ರೆ, ಫೋಟೋ ನಿಷೇಧ ಅಂತ ಬೋರ್ಡ್ ಇರೋ ಕಡೆ ಬೇಡ. ಬೇರೆಯವರ ಮಕ್ಕಳ ಮುಖವಂತೂ ಅವರ ಅಪ್ಪ ಅಮ್ಮನ ಕೇಳದೆ ಬೇಡವೇ ಬೇಡ.

5. ಕಳಿಸೋದು

ವಾಟ್ಸಾಪಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋ ಕಂಪ್ರೆಸ್ ಆಗತ್ತೆ, ಅಂದ್ರೆ ಬೇಗ ಹೋಗ್ಲಿ ಅಂತ ಅದರ ಗಾತ್ರ ಇಳಿಸಿಬಿಡತ್ತೆ. ಫೋನಲ್ಲಿ ನೋಡಕ್ಕೆ ಏನೂ ತೊಂದರೆ ಇಲ್ಲ, ಪ್ರಿಂಟ್ ಹಾಕಿಸೋವಾಗ ಗೊತ್ತಾಗತ್ತೆ. ಕಳಿಸೋ ಮುಂಚೆ ಮೇಲೆ ಕಾಣೋ ಹೆಚ್‌ಡಿ ಗುರುತು ಒತ್ತಿ ಕಳಿಸಿ, ಸಾಕು.

ಡಾಕ್ಯುಮೆಂಟ್ ಅಂತ ಕಳಿಸಿದ್ರೆ ಮೂಲ ಫೋಟೋ ಹಾಗೇ ಹೋಗತ್ತೆ ನಿಜ, ಆದ್ರೆ ಒಂದು ವಿಷಯ ಗೊತ್ತಿರ್ಲಿ. ಫೋಟೋ ಫೈಲ್ ಒಳಗೆ ತೆಗೆದ ದಿನ, ಸಮಯ, ಕೆಲವು ಸಲ ಜಾಗವೂ ಬರೆದಿರತ್ತೆ, ಇದಕ್ಕೆ ಮೆಟಾಡೇಟಾ ಅಂತಾರೆ. ಮಾಮೂಲಿ ಕಳಿಸಿದಾಗ ವಾಟ್ಸಾಪ್ ಜಾಗದ ವಿವರ ತೆಗೆದುಹಾಕತ್ತೆ, ಡಾಕ್ಯುಮೆಂಟಲ್ಲಿ ಉಳ್ಕೊಳ್ಳತ್ತೆ. ಮನೆಯವರ ಮಧ್ಯೆ ಪರವಾಗಿಲ್ಲ, ಅದೇ ಫೈಲ್ ಮುಂದೆ ಎಲ್ಲೆಲ್ಲೋ ಹೋದ್ರೆ ನಿಮ್ಮ ಮನೆ ಎಲ್ಲಿದೆ ಅಂತಾನೂ ಹೇಳಿದ ಹಾಗೆ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆಫ್ ಮಾಡಿಟ್ರೆ ಈ ಚಿಂತೆನೇ ಇಲ್ಲ.

ಐಫೋನ್ ಇರೋವ್ರ ಫೈಲ್ ಕೆಲವು ಹಳೇ ಕಂಪ್ಯೂಟರಲ್ಲಿ ತೆರೆಯಲ್ಲ, ಅದು ಹೆಚ್‌ಇಐಸಿ ಅನ್ನೋ ಬೇರೆ ಬಗೆ. ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್‌ಗೆ ಹೋಗಿ ಮೋಸ್ಟ್ ಕಂಪ್ಯಾಟಿಬಲ್ ಆರಿಸಿದ್ರೆ ಮುಂದೆ ತೆಗೆಯೋದೆಲ್ಲ ಜೆಪೆಗ್ ಆಗಿ, ಅಂದ್ರೆ ಹಳೇ ಕಂಪ್ಯೂಟರಲ್ಲೂ ತೆರೆಯೋ ಬಗೇಲಿ, ಬರತ್ತೆ.

6. ನೋಡೋದು, ಮಾತಾಡೋದು

ಇದನ್ನ ಜನ ಮರೀತಾರೆ. ಫೋಟೋ ಬಂತು, ಹೆಬ್ಬೆರಳು ಹಾಕಿದ್ರು, ಮುಗೀತು. ಹಾಗಾದ್ರೆ ಎರಡು ತಿಂಗಳು ಬಾಳಲ್ಲ. ಭಾನುವಾರ ಎಂಟಕ್ಕೆ ಪ್ರತಿಯೊಬ್ಬರೂ ಯಾವುದಾದ್ರೂ ಒಂದು ಫೋಟೋಗೆ ಒಂದು ಪ್ರಶ್ನೆ ಕೇಳ್ಬೇಕು ಅಂತ ಮಾಡ್ಕೊಳ್ಳಿ. "ಸೂಪರ್" ಬೇಡ, "ಅತ್ತೆ, ಆ ಡಬ್ಬದ ಮೇಲೆ ಯಾರ ಹೆಸರು ಕೆತ್ತಿದೆ" ಅಂತ ಕೇಳಿ. ಟೈಪ್ ಮಾಡಕ್ಕೆ ಕಷ್ಟ ಆಗೋವ್ರು ವಾಯ್ಸ್ ಮೆಸೇಜ್ ಕಳಿಸ್ಲಿ, ಅದನ್ನೂ ಫೋಟೋ ಜೊತೆ ಎತ್ತಿಡಿ. ಅಜ್ಜಿ ದನಿ ಹಾಗೆ ಎತ್ತಿಟ್ಟಿರೋದು ನಿಮ್ಮ ಹತ್ರ ಈಗ ಎಷ್ಟಿದೆ ಯೋಚನೆ ಮಾಡಿ.

ಸ್ಪರ್ಧೆ ಮಾಡ್ಬೇಡಿ. ನಾವು ಮೊದಲ ತಿಂಗಳು ಪೋಲ್ ಇಟ್ಟಿದ್ವಿ, ಅಂದ್ರೆ ಗ್ರೂಪಲ್ಲೇ ವೋಟ್ ಹಾಕೋದು. ಅತ್ತೆಗೆ ಮೂರು ವಾರ ಒಂದೂ ವೋಟ್ ಬೀಳ್ಲಿಲ್ಲ, ನಾಲ್ಕನೇ ವಾರ ಅವರು ಫೋಟೋನೇ ಕಳಿಸ್ಲಿಲ್ಲ. ಅವತ್ತೇ ಪೋಲ್ ತೆಗೆದ್ವಿ, ಇನ್ನೂ ಇಟ್ಟಿಲ್ಲ. ಹಾಗೇ "ಇದು ಬ್ಲರ್ ಆಗಿದೆ, ಇದು ಪದಕ್ಕೆ ಹೊಂದಲ್ಲ" ಅಂತ ಎಲ್ಲರೆದುರು ಯಾರೂ ಹೇಳ್ಬಾರ್ದು. ಹೊಂದಲ್ಲ ಅನ್ಸಿದ್ರೆ "ಇದು ಹೇಗೆ ಹೊಳೀತು" ಅಂತ ಕೇಳಿ, ಬಹಳ ಸಲ ಅವರ ಉತ್ತರ ಕೇಳಿದ ಮೇಲೆ ಅದೇ ಆ ವಾರದ ಒಳ್ಳೆ ಫೋಟೋ ಆಗಿರತ್ತೆ.

7. ತಪ್ಪಿದ ವಾರಗಳು

ತಪ್ಪತ್ತೆ. ಪರೀಕ್ಷೆ ಇರತ್ತೆ, ಹುಷಾರಿರಲ್ಲ, ಮನೇಲಿ ಸಾವು ಆಗಿರತ್ತೆ. ಹಿಂದಿನ ವಾರದ ಬಾಕಿ ತೀರಿಸೋ ಪದ್ಧತಿ ಬೇಡ, ಮೂರು ವಾರ ಬಾಕಿ ಆದವರು ಮತ್ತೆ ಬರೋದೇ ಇಲ್ಲ. ತಪ್ಪಿದ್ದು ತಪ್ಪಿತು, ಈ ವಾರದ ಪದಕ್ಕೆ ಬನ್ನಿ ಅಷ್ಟೇ. ಮನೆಗೇ ಕಷ್ಟ ಬಂದಾಗ ಎಲ್ಲರೂ ಸೇರಿ ಎರಡು ಮೂರು ವಾರ ನಿಲ್ಲಿಸಿ, ಡಬ್ಬಿ ಎಲ್ಲೂ ಹೋಗಲ್ಲ.

8. ಎತ್ತಿಡೋದು

ವಾಟ್ಸಾಪನ್ನ ಬೀರು ಅಂದ್ಕೋಬೇಡಿ, ಫೋನ್ ಬದಲಾಯಿಸಿದಾಗ, ಕಳೆದಾಗ ಹೋಗಿಬಿಡತ್ತೆ. ಭಾನುವಾರ ರಾತ್ರಿನೇ ಗೂಗಲ್ ಫೋಟೋಸಲ್ಲಿ ಒಂದು ಶೇರ್ಡ್ ಆಲ್ಬಮ್‌ಗೆ ಹಾಕಿ, ಅಂದ್ರೆ ಎಲ್ಲರೂ ನೋಡಬಹುದಾದ ಒಂದೇ ಆಲ್ಬಮ್. ಲಿಂಕ್ ಶೇರಿಂಗ್ ಆಫ್ ಮಾಡಿ, ಆನ್ ಇದ್ರೆ ಆ ಲಿಂಕ್ ಸಿಕ್ಕಿದ ಯಾರು ಬೇಕಾದ್ರೂ ನೋಡಬಹುದು. 2021ರ ಜೂನ್‌ನಿಂದ ಗೂಗಲ್‌ನಲ್ಲಿ ಬಿಟ್ಟಿ ಜಾಗ 15 ಜಿಬಿ ಮಾತ್ರ, ಜಿಮೇಲ್ ಮತ್ತೆ ಡ್ರೈವ್ ಎಲ್ಲಾ ಅದರೊಳಗೇ. ಆದ್ರೆ ಎಂಟು ಜನ 52 ವಾರ ಅಂದ್ರೆ 416 ಫೋಟೋ ಅಷ್ಟೇ, ಒಂದೊಂದು 4 ಎಂಬಿ ಅಂತ ಇಟ್ಕೊಂಡ್ರೂ ಎರಡು ಜಿಬಿ ದಾಟಲ್ಲ.

ಇನ್ನೊಂದು ಪ್ರತಿ ಪೆನ್‌ಡ್ರೈವಲ್ಲೋ ಹಾರ್ಡ್‌ಡಿಸ್ಕಲ್ಲೋ ಇರ್ಲಿ. ಫೈಲ್ ಹೆಸರು "07-ಗಂಟು-ಅಜ್ಜಿ" ಥರ ಇಡಿ: ವಾರದ ನಂಬರ್, ಪದ, ತೆಗೆದವರು. ಒಂದಂಕಿ ವಾರಕ್ಕೆ ಮುಂದೆ ಸೊನ್ನೆ ಹಾಕದಿದ್ರೆ ಕಂಪ್ಯೂಟರ್ ಕೆಲವು ಸಲ 1 ಆದ್ಮೇಲೆ 10 ತೋರಿಸತ್ತೆ, 2 ಆಮೇಲೆ ಬರತ್ತೆ.

ಪ್ರಿಂಟ್ ಹಾಕಿಸೋದಾದ್ರೆ ಮಾಮೂಲಿ 4×6 ಇಂಚಿಗೆ 1200×1800 ಪಿಕ್ಸೆಲ್ ಇದ್ರೆ ಚೆನ್ನಾಗಿ ಬರತ್ತೆ, ಪಿಕ್ಸೆಲ್ ಅಂದ್ರೆ ಫೋಟೋ ಆಗಿರೋ ಚುಕ್ಕಿಗಳು, ಇಂಚಿಗೆ 300 ಚುಕ್ಕಿ ಲೆಕ್ಕ. ವರ್ಷದ ಕೊನೇಲಿ ಎಲ್ಲಾ ಹಾಕಿಸ್ಬೇಡಿ, ಪ್ರತಿಯೊಬ್ಬರೂ ಬೇರೆಯವರು ತೆಗೆದ ಒಂದು ಫೋಟೋ ಆರಿಸ್ಲಿ, ತಮ್ಮದಲ್ಲ, ಅದನ್ನ ಪ್ರಿಂಟ್ ಹಾಕಿಸಿ ತಮ್ಮ ಮನೆ ಗೋಡೆಗೆ ಅಂಟಿಸ್ಲಿ.

ಶುರುಗೆ ಪದ ಬೇಕು ಅನ್ನೋವ್ರಿಗೆ ನಾನು ಕೊಡೋ ಮೊದಲ ಎಂಟು: ಎಲೆ, ಕಾಲು, ಅಂಚು, ಗಂಟು, ಹಳದಿ, ಕಟ್ಟೆ, ಸುತ್ತು, ಹಳೇದು. ಇದೇ ಕ್ರಮದಲ್ಲಿ ಹೋಗಿ, ಅಷ್ಟರಲ್ಲಿ ಎಲ್ಲರ ಚೀಟಿನೂ ಡಬ್ಬಿಗೆ ಬಂದಿರತ್ತೆ. ಮೊದಲ ವಾರ ಎಂಟು ಜನದಲ್ಲಿ ಮೂರೇ ಫೋಟೋ ಬಂದ್ರೂ ಬೇಜಾರಾಗ್ಬೇಡಿ, ಯಾರನ್ನೂ ಬೈಬೇಡಿ, ಆ ಮೂರನ್ನೇ ಆಲ್ಬಮ್‌ಗೆ ಹಾಕಿ ಪ್ರಶ್ನೆ ಕೇಳಿ, ಸೋಮವಾರ ಬೆಳಿಗ್ಗೆ ಗ್ರೂಪ್ ಹೆಸರು "ಈ ವಾರ: ಕಾಲು" ಅಂತ ಬದಲಾಯಿಸಿ.